ಷೆಡ್ಡಿಗೆ ಹೋದ ವೈರು

ಇಮಾಮುದ್ದೀನ್ ಗುದ್ದಲಿಯನ್ನು ತಲೆಯ ಮೇಲಕ್ಕೆ ಎತ್ತಿದ್ದ. ಇನ್ನೇನು ಅದು ನೆಲಕ್ಕೆ ಇಳಿಯಬೇಕು, ಅಷ್ಟರಲ್ಲಿ ಅಂಬಿಕಾ ಬಾಳೆಯ ಸಾಲಿನ ನಡುವಿನಿಂದ ಓಡಿ ಬಂದು, ಕುಣಿ ತೋಡಬೇಕಾದ ಜಾಗದ ಮೇಲೆಯೇ ನಿಂತುಬಿಟ್ಟಳು.

"ನಿಲ್ರಿ ಕಾಕಾ. ಇಲ್ಲಿ ತೋಡಬ್ಯಾಡ್ರಿ."

ಗುದ್ದಲಿ ಗಾಳಿಯಲ್ಲೇ ನಿಂತಿತು. ಕುಣಿ ತೋಡುವ ಕಡೆಗೆ ಹೆಣ್ಣುಮಕ್ಕಳು ಬರುವ ಪದ್ಧತಿ ಇಲ್ಲ. ಅದರಲ್ಲೂ ಮಾವ ತೀರಿಕೊಂಡು ನಾಲ್ಕು ತಾಸು ಕೂಡ ಆಗಿಲ್ಲ, ಸೊಸೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಓಡಿ ಬಂದದ್ದನ್ನು ನೋಡಿ, ಬೇವಿನ ನೆರಳಿನಲ್ಲಿ ಕೂತಿದ್ದ ನಾಲ್ಕಾರು ಗಂಡಸರು ಎದ್ದು ನಿಂತರು.

"ಈ ನೆಲದಾಗ ವೈರ್ ಅದ್ರಿ," ಎಂದಳು ಅಂಬಿಕಾ ಉಸಿರು ಬಿಡುತ್ತ. "ಮನಿಯಿಂದ ಷೆಡ್ಡಿಗೆ ಹೋದ ಇಂಟರ್‌ನೆಟ್ ವೈರ್."

"ಎಲ್ಲಿ ಅದ ತೋರಸು ಬೇಟಾ. ಅದನ್ನ ಬಿಟ್ಟು ತೋಡ್ತೀನಿ."

"ಅದೇ ಗೊತ್ತಿಲ್ರಿ."

"ಮತ್ತ ಯಾರಿಗೆ ಗೊತ್ತದ?"

ಅಂಬಿಕಾ ಮನೆಯ ಕಡೆ ನೋಡಿದಳು. ಗೊತ್ತಿದ್ದವರು ಪಡಸಾಲೆಯಲ್ಲಿ ಗೋಡೆಗೆ ಒರಗಿ, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು, ಕೊರಳಿಗೆ ಹಾರ ಹಾಕಿಸಿಕೊಂಡು ಕೂತಿದ್ದರು.

ದೌಲಪ್ಪನವರಿಗೆ ಎಪ್ಪತ್ತೆರಡು. ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟು ಕೆಂಪು ಬಾಳೆಹಣ್ಣು ಮಾರುವುದರಿಂದ ಹಿಡಿದು, ಹೈದರಾಬಾದಿನ ಲಾರಿ ಹೊಲದ ತನಕ ಬಂದು ನಿಲ್ಲುವವರೆಗೆ ಬೆಳೆದ ಮನುಷ್ಯ. ನಾಲ್ಕನೇ ಇಯತ್ತೆ ಮುಗಿಸಿರಲಿಲ್ಲ, ಆದರೆ ಯಾರಿಂದಲೂ ಬುದ್ಧಿ ಹೇಳಿಸಿಕೊಂಡವರಲ್ಲ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಇವತ್ತು ಬೆಳಿಗ್ಗೆ ಬಾಳೆಗೆ ನೀರು ಬಿಟ್ಟು ಬಂದು, ಅಂಗಳದ ಕಲ್ಲಿನ ಮೇಲೆ ಕೂತು ಚಹಾ ಕೇಳಿದ್ದರು. ಹೆಂಡತಿ ನೀಲಗಂಗಮ್ಮ ಚಹಾ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಗದ್ದಲವಿಲ್ಲದೆ ದೌಲಪ್ಪ ಮಾಡಿದ ಕೆಲಸ ಇದೊಂದೇ ಎಂದು ಬಂದವರೆಲ್ಲ ಅಳುತ್ತಲೇ ಹೇಳುತ್ತಿದ್ದರು.

ಹೊಲದಲ್ಲಿ ಅವರ ಅಪ್ಪನ ಗದ್ದುಗೆ, ಅದರ ಪಕ್ಕಕ್ಕೆ ಅವ್ವನ ಗದ್ದುಗೆ. ಅವ್ವನ ಗದ್ದುಗೆಗೂ ಬಾವಿಗೂ ನಡುವೆ ಉಳಿದದ್ದು ಒಂದೇ ಜಾಗ. ಅದು ದೌಲಪ್ಪನವರದು ಎಂದು ಊರಿಗೇ ಗೊತ್ತು. ತೊಂದರೆ ಏನೆಂದರೆ, ಮನೆಯಿಂದ ಷೆಡ್ಡಿಗೆ ನೆಟ್ಟಗೆ ಒಂದು ಗೆರೆ ಎಳೆದರೆ ಅದು ಆ ಜಾಗದ ನಟ್ಟನಡುವೆ ಹಾಯುತ್ತದೆ.

ಅಂಬಿಕಾಳ ಗಂಡ ಶಿವಲಿಂಗ ಸುದ್ದಿ ತಿಳಿದು ಹೊಲಕ್ಕೆ ಬಂದ. ಅವನಿಗೆ ಕೋಟನೂರಿನ ಬಳಿ ತೊಗರಿಬೇಳೆ ಮಿಲ್ಲಿನಲ್ಲಿ ಕೆಲಸ. ಬೆಳಗಿನ ಪಾಳಿಗೆ ಹೋದವನು ಕೆಲಸದ ನಡುವಿನಿಂದಲೇ ತಿರುಗಿ ಬಂದಿದ್ದ. ಅಂಗಿಯ ಮೇಲೆ ಇನ್ನೂ ಬೇಳೆಯ ಧೂಳು ಇತ್ತು.

"ಇವತ್ತ ಒಂದ ದಿನ ಆ ಕೆಲಸ ಬಿಡು ಅಂಬಿಕಾ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವು. "ಕಡದ್ರ ಕಡೀಲಿ. ನಾಳಿ ಜೋಡಿಸಿದ್ರಾಯ್ತು."

"ನಾಳಿ ಅಲ್ರಿ, ಇವತ್ತೇ ಬೇಕು. ನಾಲ್ಕಕ್ಕ ಮಾಯಾನ ಆಪರೇಷನ್ ಅದ."

ಮಾಯಾ ಯಾರೆಂದು ಶಿವಲಿಂಗನಿಗೆ ಗೊತ್ತಿತ್ತು. ಅಂಬಿಕಾಳದು ಕೈಸನ್ನೆಯಲ್ಲಿ ಮಾತಾಡಿಸುವ ಕೆಲಸ. ಕಿವಿ ಕೇಳದವರು ಆಸ್ಪತ್ರೆಗೋ ಬ್ಯಾಂಕಿಗೋ ಹೋದಾಗ ಇವಳಿಗೆ ವಿಡಿಯೋ ಕಾಲ್ ಮಾಡುತ್ತಾರೆ. ಅವರು ಕೈಯಲ್ಲಿ ಹೇಳಿದ್ದನ್ನು ಇವಳು ಬಾಯಲ್ಲಿ ಹೇಳುತ್ತಾಳೆ, ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ಹೇಳುತ್ತಾಳೆ. ಕೋಟನೂರಿನ ಮಾಯಾ ಹುಟ್ಟು ಕಿವುಡಿ. ಕಲಬುರಗಿಯ ಐವಾನ್-ಎ-ಶಾಹಿ ಕಡೆ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವ ಅವಳ ಗಂಡ ಕಪಿಲನಿಗೂ ಕಿವಿ ಕೇಳುವುದಿಲ್ಲ. ಇದು ಅವಳ ಎರಡನೇ ಹೆರಿಗೆ, ಮೊದಲನೆಯದು ಬೇರೊಂದು ಊರಿನಲ್ಲಿ ಆಗಿತ್ತು. ಆಪರೇಷನ್ ಕೋಣೆಯಲ್ಲಿ ಎಲ್ಲರ ಬಾಯಿಗೂ ಮಾಸ್ಕ್, ತುಟಿ ಕೂಡ ಕಾಣಲಿಲ್ಲ. ಬೆನ್ನಿಗೆ ಸೂಜಿ ಬರುತ್ತದೆಂದು ತಿಳಿಯದೆ ಮಾಯಾ ಹೊರಳಾಡಿದಾಗ ಅವಳ ಎರಡೂ ಕೈಗಳನ್ನು ಮೇಜಿಗೆ ಕಟ್ಟಿದರು. ಕೈ ಕಟ್ಟಿದರೆ ಅವಳ ಬಾಯಿ ಕಟ್ಟಿದಂತೆ ಎಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಈ ಸಲ ನಾನಿರುತ್ತೇನೆ, ಕೈ ಕಟ್ಟಗೊಡುವುದಿಲ್ಲ ಎಂದು ಅಂಬಿಕಾ ಮಾತು ಕೊಟ್ಟಿದ್ದಳು.

ಬೆಳಿಗ್ಗೆಯಿಂದ ಅವಳು ಎಲ್ಲ ದಾರಿಯನ್ನೂ ಯೋಚಿಸಿ ಆಗಿತ್ತು. ಬದಲಿಗೆ ಕೂರುವ ಬೀದರಿನ ಗೆಳತಿ ಟೈಫಾಯ್ಡ್ ಎಂದು ಮಲಗಿದ್ದಳು. ಕಲಬುರಗಿಗೆ ಓಡಿದರೂ ಆಪರೇಷನ್ ಕೋಣೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಡಾಕ್ಟರು ಒಪ್ಪಿದ್ದು ನರ್ಸ್ ಕೈಯಲ್ಲಿ ಹಿಡಿಯುವ ಟ್ಯಾಬಿಗೆ ಮಾತ್ರ. ಈ ತಗ್ಗಿನಲ್ಲಿ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಬಂದರೆ ಹೆಚ್ಚು. ಮನೆಯಲ್ಲಿ ಕೂರೋಣವೆಂದರೆ ಹೊಸ್ತಿಲ ತನಕ ಜನ, ಮೇಲೆ ಭಜನೆಯವರು. ಉಳಿದದ್ದು ಷೆಡ್ಡು ಒಂದೇ.

*

ಆ ಷೆಡ್ಡಿನ ಕತೆ ದೌಲಪ್ಪನವರ ಹಟದ ಕತೆಯೇ.

ಅಂಬಿಕಾಳ ತಮ್ಮ ಹುಟ್ಟು ಕಿವುಡ. ಅವನ ಜತೆ ಜಗಳಾಡಿ, ನಕ್ಕು ಬೆಳೆದದ್ದರಿಂದಲೇ ಅವಳ ಕೈಗೆ ಮಾತು ಬಂದದ್ದು. ಮದುವೆಯಾಗಿ ಬಂದ ಮೂರನೇ ವರ್ಷಕ್ಕೆ ಈ ಕೆಲಸ ಸಿಕ್ಕಿತು. ದೌಲಪ್ಪನವರ ಅಕ್ಕ ಅಂಬಮ್ಮ, "ಗಾಳಿ ಗುದ್ದಿ ಮೈ ನೋಯಿಸ್ಕೊಳ್ಳೋ ಕೆಲಸ," ಎಂದು ಮೂಗು ಮುರಿದಳು. ಮಾವ ಚೇಷ್ಟೆ ಮಾಡಿದರು.

"ಕೈ ಬೀಸಿದ್ರ ಪಗಾರ ಕೊಡ್ತಾರಂದ್ರ, ನಮ್ಮ ಹೊಲದಾಗಿನ ಬೆದರುಗೊಂಬಿಗೂ ಒಂದು ನೌಕರಿ ಕೊಡಸವ್ವ."

ಮೊದಮೊದಲು ಅವಳು ಪಡಸಾಲೆಯ ಮೂಲೆಯಲ್ಲಿ ಕೂರುತ್ತಿದ್ದಳು. ಹಿಂದೆ ಟಿವಿ, ಮುಂದೆ ಅತ್ತೆ ಮೊರ ಹಿಡಿದು ಓಡಾಟ. ಒಂದು ದಿನ ಯಾರೋ ಹೆಣ್ಣುಮಗಳು ಡಾಕ್ಟರ ಮುಂದೆ ತನ್ನ ಒಳಗಿನ ಬೇನೆ ಹೇಳಿಕೊಳ್ಳುತ್ತಿದ್ದಳು. ಮಜ್ಜಿಗೆಗೆ ಬಂದ ಪಕ್ಕದ ಹೊಲದವಳು ಅಂಬಿಕಾಳ ಬೆನ್ನ ಹಿಂದೆ ನಿಂತು ಪರದೆಯನ್ನೇ ನುಂಗುವ ಹಾಗೆ ನೋಡಿದಳು. ಅತ್ತಲಿನ ಹೆಣ್ಣುಮಗಳ ಕೈ ಅರ್ಧಕ್ಕೇ ನಿಂತಿತು, ಕಾಲ್ ಕಡಿಯಿತು. ಅವತ್ತು ಸಂಜೆ ಅಂಬಿಕಾ ಒಲೆಯ ಮುಂದೆ ಕೂತು ಅತ್ತಳು. ಹೊಗೆಯಿಂದ ಬಂದ ಕಣ್ಣೀರಲ್ಲ ಅದು ಎಂದು ಮಾವನಿಗೆ ಹೇಗೆ ತಿಳಿಯಿತೋ, ಕೇಳಲಿಲ್ಲ, ಹೇಳಲಿಲ್ಲ. ಮರುದಿನ ಬಾಳೆಗೊನೆ ಕಟ್ಟುವ ಪತ್ರಾಸಿನ ತಗಡಿನ ಷೆಡ್ಡಿನ ಅರ್ಧ ಭಾಗ ಖಾಲಿ ಮಾಡಿಸಿದರು.

"ಯಾವ ಬಣ್ಣದ ಮುಂದ ಕೈ ಚಂದ ಕಾಣ್ತಾವ?"

"ನೀಲಿ ಇದ್ರ ಛಲೋರಿ ಮಾವಾರ."

ಗೋಡೆಗೆ ನೀಲಿ ಬಳಿದರು. ಮೇಜು ಬಂತು. ಆದರೆ ನೆಟ್ ಮಾತ್ರ ಮನೆಯಲ್ಲೇ ಉಳಿಯಿತು. ರಸ್ತೆಯ ಕಂಬದಿಂದ ಮನೆಗೆ ಬಂದ ಕನೆಕ್ಷನ್ನು ಷೆಡ್ಡಿನ ಪತ್ರಾಸು ದಾಟಿ ಒಳಗೆ ಬರಲೊಲ್ಲದು. ಯಾರೋ ಚಹಾದ ಹೋಟೆಲಿನಲ್ಲಿ ಹೇಳಿದರೆಂದು ದೌಲಪ್ಪ ರೂಟರನ್ನು ಕಿಟಕಿಯಲ್ಲಿಟ್ಟು, ಹಿಂದೆ ಊಟದ ಸ್ಟೀಲ್ ತಾಟು ನಿಲ್ಲಿಸಿದರು. ಆಗಲಿಲ್ಲ. ಬಿದಿರಿನ ಗಳ ನೆಟ್ಟು ಮೇಲಿಂದ ವೈರು ಎಳೆದರು. ಬಾಳೆಗೆ ಬಂದ ಮಂಗಗಳು ಅದಕ್ಕೆ ಜೋತಾಡಿ ಮೂರನೇ ದಿನಕ್ಕೆ ಹರಿದುಹಾಕಿದವು. ಆಗ ಸೊಸೆಯನ್ನು ಕರೆದುಕೊಂಡು ಕಲಬುರಗಿಗೆ ಜಾವೀದನ ಕಂಪ್ಯೂಟರ್ ಅಂಗಡಿಗೆ ಹೋದರು.

"ನೆಲದಾಗ ಹಾಕ್ರಿ ಚಾಚಾ, ಪೈಪಿನೊಳಗ," ಎಂದ ಜಾವೀದ್. "ಆದ್ರ ಒಂದ್ ಮಾತ್. ನೂರ್ ಮೀಟರ್ ದಾಟಿದ್ರ ನೆಟ್ ಸುಸ್ತಾಗ್ತದ. ನಿಮ್ದು ಎಷ್ಟದ?"

"ತೊಂಬತ್ತೈದು."

"ಮತ್ತ ನೆಟ್ಟಗ ಹಾಕ್ರಿ. ಖಾಲಿ-ಪೀಲಿ ಸುತ್ತಿಸಬ್ಯಾಡ್ರಿ."

ಅಂಬಿಕಾ ನಾಲ್ಕು ದಿನ ತರಬೇತಿಗೆಂದು ಕಲಬುರಗಿಯಲ್ಲೇ ಉಳಿದಳು. ತಿರುಗಿ ಬರುವಷ್ಟರಲ್ಲಿ ಪೈಪು ನೆಲದೊಳಗೆ ಹೋಗಿ, ಮೇಲೆ ಮಣ್ಣು ಮುಚ್ಚಿ, ನೀರೂ ಹಾಯಿಸಿ ಆಗಿತ್ತು. ಆಳು ಹಚ್ಚಿರಲಿಲ್ಲ, ಎಲ್ಲ ಒಬ್ಬರೇ ಮಾಡಿದ್ದರು. ನೂರು ಮೀಟರಿನ ಸುರುಳಿಯಲ್ಲಿ ಉಳಿದದ್ದು ನಾಲ್ಕು ಮೊಳ.

"ಇನ್ನೂ ಉಳೀಬೇಕಿತ್ತಲ್ರಿ ಮಾವಾರ. ಅದೆಲ್ಲ ಎಲ್ಲಿ ಹೋಯ್ತು?"

"ನೆಲದಾಗ ಅದ."

"ಜಾವೀದ್ ಭಾಯ್ ನೆಟ್ಟಗ ಹಾಕ್ರಿ ಅಂದಿದ್ರು."

"ನೆಟ್ ಬರಾಕತ್ತದೋ ಇಲ್ಲೋ?"

"ಬರಾಕತ್ತದ್ರಿ."

"ಮತ್ತ್ಯಾಕ ಲೆಕ್ಕ ಕೇಳ್ತಿ."

ಷೆಡ್ಡಿನಲ್ಲಿ ಕೂತ ಮೇಲೆ ಬಂದ ಮೊದಲ ಕಾಲ್ ಮಾಯಾಳದು. ದೌಲಪ್ಪ ಬಾಗಿಲಲ್ಲಿ ನಿಂತು, ಪರದೆಯ ಮೇಲೆ ಓಡಾಡುವ ಎರಡು ಕೈಗಳನ್ನು ನೋಡಿದರು. "ಏನಂತಾಳ?" ಎಂದರು. ಅಂಬಿಕಾ, "ಹೇಳೋ ಹಂಗಿಲ್ರಿ," ಎಂದಳು. ಅವರು ತಲೆಯಾಡಿಸಿ ಹೋದರು. ಸ್ವಲ್ಪ ಹೊತ್ತಿಗೆ ತಾಡಪತ್ರಿಯ ತುಂಡು ತಂದು ಬಾಗಿಲಿಗೆ ಪರದೆ ಕಟ್ಟಿದರು. ಅವತ್ತಿನಿಂದ ಆ ಬಾಗಿಲ ಮುಂದೆ ಹೊರಸು ಹಾಕಿಕೊಂಡು ಕೂರುವುದೇ ಅವರ ಮಧ್ಯಾಹ್ನದ ಕೆಲಸ. ಯಾರಾದರೂ ಬಂದರೆ, "ಸೊಸಿ ಒಳಗ ಮಾತಾಡಾಕತ್ತಾಳ, ಆಮ್ಯಾಲ ಬರ್ರಿ," ಎನ್ನುವರು. ಒಳಗಿಂದ ಎಷ್ಟೋ ಹೊತ್ತು ಸಪ್ಪಳವೇ ಇರುತ್ತಿರಲಿಲ್ಲ. ಬಂದವರು ನಗುತ್ತ ಹೋಗುವರು.

*

ಹೊಲಕ್ಕೆ ಈಗ ಅಂಬಮ್ಮನೂ ಬಂದಿದ್ದಳು. ಎಪ್ಪತ್ತಾರರ ಮುದುಕಿ, ಕೋಲೂರಿಕೊಂಡು, ಅತ್ತೂ ಅತ್ತೂ ದನಿ ಬಿದ್ದಿತ್ತು. ಬಿದ್ದ ದನಿಯಲ್ಲೂ ಹರಿತ ಕಡಿಮೆಯಾಗಿರಲಿಲ್ಲ.

"ಕಡೀರಿ ಅದನ್ನ," ಎಂದಳು. "ನನ್ನ ತಮ್ಮ ದೊಡ್ಡಾಂವೋ, ಆ ದಾರ ದೊಡ್ಡದೋ?"

"ಕಡೀಬ್ಯಾಡ್ರಿ ಅನ್ನಾಕತ್ತೀನಿ, ಜಾಗ ಬದಲ್ ಮಾಡ್ರಿ ಅನ್ನವಲ್ಲೆ ದೊಡ್ಡತ್ತಿ," ಎಂದಳು ಅಂಬಿಕಾ. "ಮಾವಾರ ಜಾಗ ಅವರಿಗೇ. ಮೊದಲ ವೈರ್ ಎಲ್ಲದ ನೋಡೋಣು. ಅಡ್ಡ ಬಂದಿತ್ತಂದ್ರ ನಾನೇ ಕಡೀತೀನಿ."

ಹೇಳಿಬಿಟ್ಟಳು. ಅಡ್ಡ ಬಂದೇ ಇರುತ್ತದೆ ಎಂದು ಅವಳಿಗೆ ಮುಕ್ಕಾಲು ಪಾಲು ಖಾತ್ರಿ ಇತ್ತು.

ಅಷ್ಟರಲ್ಲಿ ಅಯ್ಯನವರು ದಾರ ಹಿಡಿದುಕೊಂಡು ಬಂದರು. ಕ್ರಿಯೆ ನಡೆಸಬೇಕಾದ ಜಂಗಮರು ಅವರೇ. ನಡೆದದ್ದನ್ನು ಕೇಳಿ ಅಂಬಮ್ಮನ ಕಡೆ ತಿರುಗಿದರು.

"ಹೊತ್ತು ಇನ್ನೂ ಬೇಕಾದಷ್ಟದ ತಾಯಿ. ಒಂದು ತಾಸು ತಡ ಆದ್ರ ದೌಲಪ್ಪ ಏನೂ ಅನ್ನೂದಿಲ್ಲ. ಅಂವಗ ಅವಸರ ಇದ್ದದ್ದು ಜೀವಂತ ಇದ್ದಾಗಷ್ಟೇ."

ಸತ್ತವರ ಕುಣಿಗೆ ಅವರದೇ ಪಾದದ ಅಳತೆ. ಅಯ್ಯನವರು ದೌಲಪ್ಪನವರ ಬಲಗಾಲಿಗೆ ದಾರ ಹಿಡಿದು, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ ಗಂಟು ಹಾಕಿ ತಂದಿದ್ದರು. ಒಂಬತ್ತು ಪಾದ ಉದ್ದ, ಐದು ಪಾದ ಅಗಲ. ದಾರವನ್ನು ಒಂಬತ್ತು ಸಲ ಮಗುಚಿ, ಐದು ಸಲ ಮಗುಚಿ, ನಾಲ್ಕು ಮೂಲೆಗೆ ನಾಲ್ಕು ಗೂಟ ಹೊಡೆಸಿ, ಸುತ್ತ ವಿಭೂತಿಯ ಗೆರೆ ಎಳೆದರು.

"ಮನಿ ಕಡಿಯಿಂದ ಬರೋ ಪೈಪು ಈ ಗೆರಿ ದಾಟಲೇಬೇಕು," ಎಂದು ಅಂಬಿಕಾ ಮನೆಯ ಕಡೆಯ ಗೆರೆ ತೋರಿಸಿದಳು. "ಇದರ ಹೊರಗ ಉದ್ದಕ್ಕ ಕೆರೀರಿ ಕಾಕಾ. ಗುದ್ದಲಿ ಬ್ಯಾಡ, ಕುರುಪಿ ತೊಗೊಳ್ರಿ."

ಇಮಾಮುದ್ದೀನ್ ಕಳೆ ತೆಗೆಯುವ ಕುರುಪಿ ಹಿಡಿದು ಕೂತ. ಒಂದು ಮೊಳ ಆಳಕ್ಕೆ ಹೋಗುತ್ತಲೇ ಬಿಳಿ ಪೈಪು ಕಂಡಿತು. ಅಂಬಿಕಾ ಕಣ್ಣು ಮುಚ್ಚಿಕೊಂಡಳು.

"ಬೇಟಾ," ಎಂದ ಇಮಾಮುದ್ದೀನ್. "ಇದು ಒಳಗ ಹೊಂಟಿಲ್ಲ."

ಪೈಪು ಗೆರೆ ದಾಟಿರಲಿಲ್ಲ. ಗೆರೆಯ ಪಕ್ಕಕ್ಕೆ, ಗೆರೆಯ ಜತೆಗೇ ಹೊರಟಿತ್ತು. ಎಲ್ಲರೂ ಬಗ್ಗಿದರು. ಮಣ್ಣು ಸರಿಸುತ್ತ ಹೋದ ಹಾಗೆ ಪೈಪು ಬಾವಿಯ ಕಡೆಯ ಗೂಟದ ತನಕ ಹೋಗಿ, ಅಲ್ಲಿ ಎಲ್ಬೋ ಹಾಕಿಸಿಕೊಂಡು ತಿರುಗಿತ್ತು. ಆ ಬದಿಯುದ್ದಕ್ಕೂ ಬಾವಿಗೂ ಗೂಟಕ್ಕೂ ನಡುವೆ ಸಾಗಿ, ಮುಂದಿನ ಗೂಟದ ಹತ್ತಿರ ಮತ್ತೊಂದು ಎಲ್ಬೋ. ಅಲ್ಲಿಂದ ತಿರುಗಿ ತನ್ನ ಹಳೆಯ ಸಾಲಿಗೆ ಬಂದು, ಷೆಡ್ಡಿನ ಕಡೆ ನೆಟ್ಟಗೆ ಹೊರಟುಹೋಗಿತ್ತು.

ಇಮಾಮುದ್ದೀನ್ ಗೆರೆಗೂ ಪೈಪಿಗೂ ನಡುವೆ ಅಂಗೈ ಬಿಡಿಸಿ ಇಟ್ಟ. "ಒಂದು ಗೇಣು," ಎಂದ. ಎದ್ದು ಇನ್ನೊಂದು ಬದಿಗೆ ಹೋದ. "ಇಲ್ಲೂ ಒಂದು ಗೇಣು." ಮೂರನೇ ಬದಿಗೂ ಹೋಗಿ ಇಟ್ಟು ನೋಡಿದ. ಆಮೇಲೆ ಕೈಯ ಮಣ್ಣು ಝಾಡಿಸಿಕೊಂಡ.

"ಮೂವತ್ತು ವರ್ಷದಿಂದ ಕುಣಿ ತೋಡಾಕತ್ತೀನ್ರಿ. ತನ್ನ ಕುಣಿ ತಾನೇ ಅಳದು, ಅದನ್ನ ಬಿಟ್ಟು ಪೈಪ್ ಹಾಕಿದವ್ರನ್ನ ನೋಡಿದ್ದಿಲ್ಲ."

ಶಿವಲಿಂಗ ಅಜ್ಜಿಯ ಗದ್ದುಗೆಯ ಮೇಲೆ ಕೈಯೂರಿ ಕುಕ್ಕರಿಸಿದ, ಬೆಳಿಗ್ಗೆಯಿಂದ ತಡೆದಿದ್ದ ಅಳು ಒಮ್ಮೆಲೇ ಬಂತು. ಅಂಬಮ್ಮ ಬಗ್ಗಿ ಆ ಪೈಪನ್ನು ಕೋಲಿನ ತುದಿಯಿಂದ ಮುಟ್ಟಿ ನೋಡಿದಳು.

"ಹುಚ್ಚಪ್ಪ," ಎಂದಳು. "ಸಣ್ಣಾಂವ ಇದ್ದಾಗಿಂದ ಹಿಂಗ. ಯಾರಿಗೂ ಒಂದ್ ಮಾತ್ ಹೇಳಂಗಿಲ್ಲ."

ಅಂಬಿಕಾ ಮನೆಗೆ ಹೋಗಿ ಅತ್ತೆಯ ಪಕ್ಕ ಕೂತು, ಕಂಡದ್ದನ್ನು ಕಿವಿಯಲ್ಲಿ ಹೇಳಿದಳು. ನೀಲಗಂಗಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು.

"ನೀ ಊರಾಗ ಇರಲಿಲ್ಲ ಆಗ," ಎಂದಳು ನಿಧಾನಕ್ಕೆ. "ಅವ್ವನ ಗದ್ದಿಗಿ ಬಾಜು ಹೆಜ್ಜಿಗೆ ಹೆಜ್ಜಿ ಹಚ್ಚಿ ನಡೀತಿದ್ರು. ಕಾಲಿಗೇನಾಗ್ಯದ್ರಿ ಅಂತ ಕೇಳ್ದೆ. ಕಾಲಿಗೇನೂ ಆಗಿಲ್ಲ, ನೀ ಹೋಗಿ ಚಾ ಇಡು ಅಂದ್ರು. ನನಗ ತಿಳೀತು. ತಿಳದ್ರೂ ಚಾ ಇಡಾಕ ಹೋದೆ."

ಸೊಸೆಯ ಕೈ ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

*

ಪೈಪಿನ ಕಡೆಯ ಮೂರು ಬದಿಗೂ ಇಮಾಮುದ್ದೀನ್ ಗುದ್ದಲಿ ಮುಟ್ಟಿಸಲಿಲ್ಲ, ಸಲಿಕೆಯಿಂದಲೇ ಕೆರೆದು ಇಳಿಸಿದ. ಎರಡೂವರೆಗೆ ಅಂತ್ಯಯಾತ್ರೆಯ ಪಲ್ಲಕ್ಕಿ 'ವಿಮಾನ' ಮನೆಯಿಂದ ಹೊರಟಿತು. ಹೂವು, ಬಾಳೆಯ ಕಂದು ಕಟ್ಟಿದ ಆ ವಿಮಾನದಲ್ಲಿ ದೌಲಪ್ಪ ನೆಟ್ಟಗೆ ಕೂತು ತಮ್ಮ ಹೊಲವನ್ನು ಒಂದು ಸುತ್ತು ಬಂದರು. ಬಿಲ್ವಪತ್ರೆ, ವಿಭೂತಿ ಗಟ್ಟಿ, ಉಪ್ಪು, ಕಡೆಗೆ ಮಣ್ಣು. ಶಿವಲಿಂಗ ಮೂರು ಹಿಡಿ ಹಾಕಿದ. ಅಂಬಿಕಾಳೂ ಹಾಕಿದಳು. ಮಾವನ ಮೇಲೆ ಬಿದ್ದ ಮಣ್ಣು ಅವಳ ಉಗುರಿನಲ್ಲಿ ಉಳಿದಿತ್ತು. ಆದರೆ ಗಡಿಯಾರ ಮೂರೂವರೆ ತೋರಿಸುತ್ತಿತ್ತು.

ಮಿಂದು, ಹಣೆಗೆ ವಿಭೂತಿ ಹಚ್ಚಿಕೊಂಡು, ಒದ್ದೆ ಕೂದಲಲ್ಲೇ ಷೆಡ್ಡಿನ ಕಡೆ ಹೊರಟವಳನ್ನು ಅಂಬಮ್ಮ ನೋಡಿದಳು.

"ಸೂತಕದ ದಿವಸ. ಕೂಸು ಹುಟ್ಟೋ ಮುಂದ ನೀ ಮುಖ ತೋರಸಬೇಕೇನು?"

ಬಾವಿಯ ಕಟ್ಟೆಯ ಮೇಲೆ ಧೋತರ ಹಿಂಡುತ್ತಿದ್ದ ಅಯ್ಯನವರು ತಲೆಯೆತ್ತಲಿಲ್ಲ. "ಲಿಂಗ ಕಟ್ಟಿದವ್ರಿಗೆ ಸೂತಕ ಎಲ್ಲಿಂದ ಬಂತು ಅಂಬಮ್ಮ? ಹೋಗು ತಂಗಿ. ಹೊತ್ತಾಗ್ತದ."

ಶಿವಲಿಂಗ ಷೆಡ್ಡಿನ ತನಕ ಜತೆಗೆ ಬಂದ. ತಾಡಪತ್ರಿ ಎತ್ತಿ ಹಿಡಿದ. ಏನೋ ಹೇಳಬೇಕೆಂದು ಬಾಯಿ ತೆರೆದು, ಸಿಕ್ಕದ್ದು ಒಂದೇ ಮಾತು. "ನಾ ಹೊರಗ ಇರ್ತೀನಿ."

ಅಂಬಿಕಾ ನೀಲಿ ಗೋಡೆಗೆ ಬೆನ್ನು ಕೊಟ್ಟು ಕೂತಳು. ರೂಟರಿನ ಹಸಿರು ದೀಪಗಳು ಮಿಣುಕುತ್ತಿದ್ದವು. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಕಾಲ್ ಬಂತು. ಮೊದಲು ಕಪಿಲನ ಮುಖ, ಹೆದರಿದ ಕೈಗಳು. ಆಮೇಲೆ ಬಿಳಿ ಬೆಳಕು, ಹಸಿರು ಬಟ್ಟೆ, ಮಾಸ್ಕುಗಳು, ಅವುಗಳ ನಡುವೆ ಮಾಯಾ. ಅಂಬಿಕಾಳನ್ನು ಕಂಡೊಡನೆ ಅವಳ ಹೆಗಲು ಇಳಿಯಿತು.

ಡಾಕ್ಟರು ಹೇಳಿದ್ದನ್ನೆಲ್ಲ ಅಂಬಿಕಾ ಕೈಯಲ್ಲಿ ಹೇಳಿದಳು. ಎದ್ದು ಕೂರು. ಬೆನ್ನು ಬಾಗಿಸು, ಬೆಕ್ಕಿನ ಹಾಗೆ. ಸೂಜಿ ಬರುತ್ತದೆ, ಈಗ, ಅಲುಗಬೇಡ. ಮಾಯಾ ಅವಳ ಕೈಯನ್ನೇ ನೋಡುತ್ತ ಕೂತಳು, ಕೂದಲೆಳೆಯಷ್ಟೂ ಅಲುಗಲಿಲ್ಲ. ಮಲಗಿಸಿದ ಮೇಲೆ ನರ್ಸ್ ರೂಢಿಯಂತೆ ಪಟ್ಟಿ ತೆಗೆದುಕೊಂಡಳು.

"ಕಟ್ಟಬ್ಯಾಡ್ರಿ ಸಿಸ್ಟರ್," ಎಂದಳು ಅಂಬಿಕಾ. ದನಿ ಗಟ್ಟಿಯಾಗಿತ್ತು. "ಕೈ ಕಟ್ಟಿದ್ರ ಆಕಿಗೆ ಮಾತು ಇರಂಗಿಲ್ಲ."

"ಸಲೈನ್ ಕೈ ಒಂದು ಹಿಡೀರಿ, ಇನ್ನೊಂದು ಬಿಡ್ರಿ," ಎಂದರು ಡಾಕ್ಟರು.

ಬಿಟ್ಟ ಕೈಯಿಂದ ಮಾಯಾ ಕೇಳಿದಳು. ನಿನ್ನ ಹಣೆಯ ಮೇಲೆ ಅಷ್ಟೊಂದು ವಿಭೂತಿ. ಕಣ್ಣು ಬಾತಿವೆ. ಏನಾಯ್ತು?

ಕೆಲಸದ ಹೊತ್ತಿನಲ್ಲಿ ತನ್ನ ಮನೆಯ ಸುದ್ದಿ ಹೇಳಬಾರದೆಂಬುದು ನಿಯಮ. ಆಮೇಲೆ ಹೇಳ್ತೀನಿ, ಎಂದಳು ಅಂಬಿಕಾ. ಈಗ ನಿನ್ನ ಸರದಿ.

ಹತ್ತು ನಿಮಿಷವಾಯಿತೋ, ಹದಿನೈದೋ. ಹಸಿರು ಬಟ್ಟೆಯ ಆಚೆ ಯಾರೋ ಏನನ್ನೋ ಮೇಲೆತ್ತಿದರು. ಒಂದು ಕ್ಷಣ ಏನೂ ಇಲ್ಲ. ಮರುಕ್ಷಣ ಕೂಸಿನ ಅಳು ಷೆಡ್ಡು ತುಂಬಿ, ತಾಡಪತ್ರಿಯ ಪರದೆ ದಾಟಿ ಹೊರಗೆ ಹೋಯಿತು. ಬಾವಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದ ಗಂಡಸರ ಮಾತು ನಿಂತಿತು.

ಅತ್ತ ಮಾಯಾಳಿಗೆ ಏನೂ ಕೇಳಿಸಿರಲಿಲ್ಲ. ಕೂಸಿನ ಕಡೆ ನೋಡಲಿಲ್ಲ, ಅಂಬಿಕಾಳ ಕಡೆ ನೋಡಿದಳು. ಒಂದೇ ಕೈಯಿಂದ ಕೇಳಿದಳು. ಅಳುತ್ತಿದೆಯಾ?

ಅಂಬಿಕಾ ಎರಡೂ ತೋರುಬೆರಳನ್ನು ಕಣ್ಣಿನ ಕೆಳಗಿನಿಂದ ಗಲ್ಲದವರೆಗೆ ಎಳೆದಳು, ಒಂದು ಸಲ, ಇನ್ನೊಂದು ಸಲ. ಅಳುತ್ತಿದೆ, ಜೋರಾಗಿ ಅಳುತ್ತಿದೆ. ಬೆರಳೆರಡೂ ಒದ್ದೆಯಾದವು. ಮಾಯಾ ನಗುತ್ತಿದ್ದಳು.